ಹಾಫ್ ಟೈಮ್‌ನಲ್ಲಿ ಹಾಡಿದ ಐದು ಹಾಡು

ನಾನು ಹಾಡು ಕಲಿತದ್ದು ದೊಡ್ಡಬಳ್ಳಾಪುರದ ನಮ್ಮ ಮನೆಯ ಪವರ್‌ಲೂಮ್ ಮಗ್ಗಗಳ ನಡುವೆ. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಆ ಸದ್ದನ್ನು ಮೀರಿಸಿ ಹಾಡಿ ಹಾಡಿ ಗಂಟಲು ಗಟ್ಟಿಯಾಯಿತು. ಮದುವೆಯಾದ ಮೇಲೆ ಒಂದು ಆರ್ಕೆಸ್ಟ್ರಾ ಸೇರಿದೆ. ವಾರವೆಲ್ಲ ಸೀರೆ ನೇಯುವುದು, ಭಾನುವಾರ ಆರತಕ್ಷತೆ, ನಾಮಕರಣ, ಗಣೇಶನ ಪೆಂಡಾಲು. ಈಚಿನ ವರ್ಷಗಳಲ್ಲಿ ಕಬಡ್ಡಿ ಪಂದ್ಯಗಳಿಗೂ ಕರೆಯತೊಡಗಿದರು. ದೊಡ್ಡ ಪಂದ್ಯಗಳ ನಡುವೆ ನಡೆಯುವ ಹಾಡು ಕುಣಿತವನ್ನು ಟಿ.ವಿ.ಯಲ್ಲಿ ನೋಡಿ, ನಮ್ಮ ಕಡೆಯ ಯುವಕ ಸಂಘಗಳಿಗೂ ಆಸೆ ಹುಟ್ಟಿತ್ತು.

ದೇವನಹಳ್ಳಿ ಹತ್ತಿರದ ವಿಜಯಪುರದ ಆ ಫೈನಲ್‌ಗೂ ಹಾಗೆಯೇ ಹೋಗಿದ್ದೆ. ಊರಿನ ತಂಡಕ್ಕೂ ಹೊಸಕೋಟೆ ಕಡೆಯ ತಂಡಕ್ಕೂ ಆಟ. ಸಂಘದ ಅಧ್ಯಕ್ಷರು ಮೊದಲೇ ಹೇಳಿದ್ದರು: ಹಾಫ್ ಟೈಮ್ ಐದೇ ನಿಮಿಷ, ಎರಡು ಹಾಡು ಹಾಡಿ ಇಳಿದುಬಿಡಬೇಕು. ಮೈದಾನದ ಒಂದು ಬದಿಗೆ ಮರದ ವೇದಿಕೆ, ಅದರ ಎದುರಿಗೆ ಕಬಡ್ಡಿ ಮ್ಯಾಟು, ಸುತ್ತಲೂ ಪ್ಲಾಸ್ಟಿಕ್ ಕುರ್ಚಿಗಳು. ಸಂಜೆ ಐದರ ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುತ್ತಿತ್ತು. ಕೀಬೋರ್ಡ್ ನುಡಿಸುವ ನಮ್ಮ ಮಾಸ್ಟರ್ ಮೊದಲ ಹಾಡಿಗೆ ತಾಳ ಹೊಂದಿಸಿಟ್ಟುಕೊಂಡು ಕಾಯುತ್ತಿದ್ದರು.

ಮೊದಲರ್ಧದ ಕೊನೆಯ ರೈಡಿಗೆ ಹೋದವನು ಊರಿನ ತಂಡದ ಹುಡುಗ. ರೇಷ್ಮೆ ದಾರ ಹುರಿ ಮಾಡುವ ಘಟಕದಲ್ಲಿ ಕೆಲಸ ಮಾಡುತ್ತಾನಂತೆ, ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಗೆರೆ ಮುಟ್ಟಲು ಹಾರಿದಾಗ ಎದುರಿನ ಮೂವರು ಅವನ ಕಾಲು ಹಿಡಿದರು. ತಲೆ ಮೊದಲು ಮ್ಯಾಟಿಗೆ ಬಡಿಯಿತು, ಅದರ ಮೇಲೆ ಆ ಮೂವರ ಭಾರ. ಅವರು ಎದ್ದರು. ಇವನು ಏಳಲಿಲ್ಲ.

 ಜನರ ನಡುವಿನಿಂದ ಯಾರೋ, ಬೇಕೂಂತಲೇ ಬೀಳಿಸಿದ್ರು ಎಂದು ಕೂಗಿದರು. ನೂರಾರು ಜನ ಒಟ್ಟಿಗೆ ಎದ್ದು ನಿಂತರು. ಹೊಸಕೋಟೆಯ ಕಡೆಯವರೂ ಎದ್ದರು. ಒಬ್ಬನ ಕೈಯಲ್ಲಿ ಕುರ್ಚಿ ಮೇಲೆದ್ದದ್ದು ನನಗೆ ಕಾಣಿಸಿತು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಮ್ಯಾಟಿನ ಮೇಲೆ ಮೊಣಕಾಲೂರಿ ಹುಡುಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಯಾರೂ ಇವನನ್ನ ಅಲುಗಾಡಿಸಬೇಡಿ ಎಂದು ಹೇಳುತ್ತಲೇ ಇದ್ದರು.

ಅಧ್ಯಕ್ಷರು ವೇದಿಕೆಗೆ ಓಡಿಬಂದರು. 

"ಅಕ್ಕ, ಹಾಡೋಕೆ ಶುರು ಮಾಡಿ. ಆಂಬುಲೆನ್ಸ್ ಗೇಟ್ ಹತ್ರನೇ ಸಿಕ್ಕಾಕೊಂಡಿದೆ, ಅಡ್ಡ ನಿಂತಿರೋ ಬೈಕು ತೆಗೆಸ್ತಾ ಇದೀವಿ. ಜನ ಮ್ಯಾಟ್ ಮೇಲೆ ನುಗ್ಗಿದ್ರೆ ಅವನ ಕತೆ ಮುಗೀತು. ನಾನು ಹೇಳೋವರ್ಗೂ ನಿಲ್ಲಿಸಬೇಡಿ."

ಮಾಸ್ಟರ್ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಹೊಂದಿಸಿಟ್ಟಿದ್ದ ಕುಣಿಯುವ ಹಾಡೇ ಶುರುವಾಯಿತು. ಬಿದ್ದವನ ಎದುರಿಗೆ ಅಂಥ ಹಾಡು ಹಾಡಲು ಬಾಯಿ ಬರಲಿಲ್ಲ, ಆದರೂ ಹಾಡಿದೆ. ಯಾರೂ ಕೂರಲಿಲ್ಲ. ಎರಡನೆಯದಕ್ಕೆ ನಿಧಾನದ ಹಾಡು ಹಿಡಿದೆ. ಗಲಾಟೆಯಲ್ಲಿ ಅದು ಕೊಚ್ಚಿಹೋಯಿತು. ಆಗ ಹೊಳೆದದ್ದು ಕೋಲಾಟದ ಪದ. ಕೋಲಿಲ್ಲದಿದ್ದರೆ ಅದಕ್ಕೆ ಕೈ ತಟ್ಟಬೇಕು. ತಟ್ಟುತ್ತಿರುವ ಕೈ ಕುರ್ಚಿ ಎತ್ತಲಾರದು ಅನಿಸಿತು. ಎಲ್ಲರೂ ಕೂತ್ಕೊಂಡು ತಾಳ ಹಾಕಿ ಎಂದು ಮೈಕಿನಲ್ಲಿ ಕೇಳಿಕೊಂಡೆ. ಮೊದಲು ಹೆಂಗಸರ ಸಾಲು ತಟ್ಟಿತು. ಆಮೇಲೆ ಮಕ್ಕಳು. ನಿಧಾನವಾಗಿ ಗಂಡಸರಲ್ಲಿ ಅರ್ಧ ಜನ ಕೂತರು. ಸಂಘದ ಹುಡುಗರು ಕೈ ಕೈ ಹಿಡಿದು ಮ್ಯಾಟಿನ ಸುತ್ತ ಬೇಲಿಯ ಹಾಗೆ ನಿಂತರು. ಅವರ ಕಾಲುಗಳ ಸಂದಿಯಲ್ಲಿ ಆ ಹುಡುಗನ ಒಂದು ಅಂಗೈ ಮಾತ್ರ ನನಗೆ ಕಾಣುತ್ತಿತ್ತು. ಹಾಡುತ್ತಾ ಅದನ್ನೇ ನೋಡುತ್ತಿದ್ದೆ. ಬೆರಳು ಅಲ್ಲಾಡಲಿಲ್ಲ.

ನಾಲ್ಕನೆಯ ಹಾಡಿನ ಹೊತ್ತಿಗೆ ಯಾರೋ ನನ್ನ ಸೀರೆಯ ನೆರಿಗೆ ಎಳೆದರು. ವೇದಿಕೆಯ ಕೆಳಗೆ ಐವತ್ತು ದಾಟಿದ ಹೆಂಗಸು, ತಲೆಗೂದಲು ಬಿಚ್ಚಿಹೋಗಿತ್ತು. ಬಿದ್ದ ಹುಡುಗನ ತಾಯಿ, ಮಗನ ಹತ್ತಿರ ಬಿಟ್ಟಿರಲಿಲ್ಲ ಅಂತ ಕಾಣುತ್ತದೆ.

"ನನ್ ಮಗ ಅಲ್ಲಿ ಮಿಸುಕ್ತಾ ಇಲ್ಲ. ನೀನಿಲ್ಲಿ ಚಪ್ಪಾಳೆ ಹೊಡಿಸ್ತಾ ಇದೀಯಾ?"

ಹಾಡು ನಿಲ್ಲಿಸಿದರೆ ತಾಳ ನಿಲ್ಲುತ್ತದೆ, ತಾಳ ನಿಂತರೆ ಜನ ಏಳುತ್ತಾರೆ. ಇದನ್ನು ಆ ತಾಯಿಗೆ ಹೇಳಲು ನನ್ನ ಬಾಯಿ ಖಾಲಿ ಇರಲಿಲ್ಲ. ಬಗ್ಗಿ ಎಡಗೈ ಚಾಚಿದೆ. ಅವರು ಅದನ್ನು ತಳ್ಳಿಬಿಟ್ಟರು. ನಾನು ಮುಂದಿನ ಸಾಲು ಹಾಡಿದೆ. ಮನಸ್ಸಿನಲ್ಲಿ ನಾನೂ ಒಬ್ಬ ತಾಯಿಯೇ ಎಂದುಕೊಂಡೆ, ಆದರೆ ಅದರಿಂದ ಏನೂ ಸಮಾಧಾನವಾಗಲಿಲ್ಲ. ಅವರು ನೆರಿಗೆ ಬಿಡದೆ ಅಲ್ಲೇ ನಿಂತಿದ್ದರು.

ಐದನೆಯ ಹಾಡಿನ ನಡುವೆ ಆಂಬುಲೆನ್ಸ್ ಒಳಗೆ ಬಂತು. ಹುಡುಗನ ಕುತ್ತಿಗೆಗೆ ಪಟ್ಟಿ ಹಾಕಿ ಹಲಗೆಯ ಮೇಲೆ ಎತ್ತುವಾಗ ಆ ತಾಯಿ ನನ್ನ ಸೀರೆ ಬಿಟ್ಟು ಓಡಿದರು. ಅಧ್ಯಕ್ಷರು ದೂರದಿಂದಲೇ ಕೈ ಎತ್ತಿ ಸಾಕು ಎಂದರು. ಮೈಕು ಕೆಳಗಿಟ್ಟು ವೇದಿಕೆಯ ಮೇಲೇ ಕೂತುಬಿಟ್ಟೆ. ಉಳಿದ ಆಟ ನಡೆಯಲಿಲ್ಲ.

ಕುತ್ತಿಗೆಯ ಮೂಳೆ ಮುರಿದಿರಲಿಲ್ಲ, ಆದರೆ ನರಕ್ಕೆ ಪೆಟ್ಟಾಗಿ ಬಲಗೈ ಸ್ವಾಧೀನವಿಲ್ಲ ಎಂದು ಮಾರನೆಯ ದಿನ ತಿಳಿಯಿತು. ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಹುಡುಗ ನಿದ್ದೆಯಲ್ಲಿದ್ದ. ತಾಯಿ ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದರು. ನೀವು ಹಾಡದಿದ್ದರೆ ಅವತ್ತು ಕಷ್ಟವಿತ್ತು ಎಂದು ಅಲ್ಲೇ ಇದ್ದ ಪಿ.ಟಿ. ಮೇಷ್ಟ್ರು ಆ ತಾಯಿಗೆ ಕೇಳುವ ಹಾಗೆ ಹೇಳಿದರು. ಅವರು ತಿರುಗಲಿಲ್ಲ. ತಂದಿದ್ದ ಮೂಸಂಬಿಯನ್ನು ಮಂಚದ ಕೆಳಗಿಟ್ಟು ಬಂದೆ.

ಏಳೆಂಟು ತಿಂಗಳಾದ ಮೇಲೆ ದೇವನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಆ ತಾಯಿಯೇ ನನ್ನ ಗುರುತು ಹಿಡಿದರು. ಮಗ ಹೇಗಿದಾನೆ ಅಂತ ಕೇಳಿದೆ. ಕೈ ಬಂದಿದೆ, ಕೆಲಸಕ್ಕೆ ಹೋಗ್ತಾನೆ, ಆಟ ಬಿಡಿಸಿದೀನಿ ಅಂದರು. 

"ಎಲ್ರೂ ಹೇಳ್ತಾರೆ, ನೀನು ಮಾಡಿದ್ದೇ ಸರಿ ಅಂತ," ಅಂದರು ಅವರು. "ಇರಬೋದು. ಆದ್ರೆ ಆ ಚಪ್ಪಾಳೆ ಇದೆಯಲ್ಲ, ಅದನ್ನ ಮರೆಯೋಕೆ ನನ್ ಕೈಲಿ ಆಗಲ್ಲ ಕಣಮ್ಮ."

ಮರೀಬೇಡಿ ಅಮ್ಮ, ನನಗೂ ಆಗಿಲ್ಲ ಅಂದೆ. ಅವರು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. ವಿಜಯಪುರದ ಬಸ್ಸು ಬಂತು. ಜನ ನುಗ್ಗುತ್ತಿದ್ದರು. ಅವರ ತರಕಾರಿ ಚೀಲ ಹಿಡಿದುಕೊಂಡು ಅವರು ಮೆಟ್ಟಿಲು ಹತ್ತುವವರೆಗೆ ನಿಂತೆ. ಬಾಗಿಲಿನಿಂದ ಅವರೇ ಕೈ ಚಾಚಿ ಚೀಲ ಇಸಿದುಕೊಂಡರು.