ರಂಗಕ್ಕನ ಬಾಯಲ್ಲಿ ನನ್ನ ಕಥೆ

ನನ್ನ ವಾರಗಿತ್ತಿ ರಂಗಕ್ಕನಿಗೆ ಮೊನ್ನೆ ದುರ್ಗದಲ್ಲಿ ಶಾಲು ಹೊದಿಸಿದರು. ಹೊದಿಸಿದವನು ನಮ್ಮ ಮದಕರಿಪುರದ ಲಕ್ಷ್ಮೀಕಾಂತ್, ಈಗ ನಾಡಿಗೆಲ್ಲ ಹೆಸರಾದ ಸಾಹಿತಿ. ಅವತ್ತು ಅವನ ಆತ್ಮಕಥೆಯ ಬಿಡುಗಡೆ. ನಾನು ಎರಡನೇ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಪಕ್ಕದವರು ಏನಂದುಕೊಳ್ಳುತ್ತಾರೆ? ಒಳಗೆ ಮಾತ್ರ ಧಗಧಗ ಉರಿಯುತ್ತಿತ್ತು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಡುವ ಅಭ್ಯಾಸ ನನಗಿಲ್ಲ.

ರಂಗಕ್ಕ ಅಂಥ ದೊಡ್ಡ ಮನುಷ್ಯಳೇನಲ್ಲ. ಹಿರಿಯೂರು ಕಡೆಯ ಹೆಣ್ಣು, ನನಗಿಂತ ಮೊದಲು ಈ ಮನೆಗೆ ಸೊಸೆಯಾಗಿ ಬಂದವಳು. ಒಬ್ಬನೇ ಮಗ ಹನುಮೇಶ್. ಹೊಲದ ಕೆಲಸದಲ್ಲಿ ನನ್ನ ಕೈಯೇ ಮುಂದೆ, ಬೇಕಾದರೆ ಊರವರನ್ನು ಕೇಳಿ. ಆದರೆ ಬೇಸಿಗೆ ಬಂದು ನಮ್ಮ ಅಂಗಳದಲ್ಲಿ ಹುಣಸೆಹಣ್ಣಿನ ರಾಶಿ ಬಿತ್ತೆಂದರೆ ನನ್ನನ್ನು ಕೇಳುವವರಿರಲಿಲ್ಲ. ಓಣಿಯ ಹೆಂಗಸರೆಲ್ಲ ಸುತ್ತ ಕೂತು ಸಿಪ್ಪೆ, ನಾರು, ಬೀಜ ಬಿಡಿಸುತ್ತಿದ್ದರು. ರಂಗಕ್ಕ ನಡುವೆ ಕೂತು ಮಾತಾಡುತ್ತಿದ್ದಳು. ಅವಳ ಮುಂದಿನ ಬುಟ್ಟಿ ತುಂಬುತ್ತಲೇ ಇರಲಿಲ್ಲ, ಅದನ್ನು ಯಾರೂ ನೋಡುತ್ತಲೂ ಇರಲಿಲ್ಲ.

ಆ ಅಂಗಳಕ್ಕೆ ಒಂದು ರಿವಾಜು ಇತ್ತು. ತನ್ನ ಕಷ್ಟ ಹೇಳಿಕೊಳ್ಳುವವಳು ‘ನಾನು’ ಅನ್ನುವಂತಿಲ್ಲ. ‘ಒಬ್ಬಾಕಿ ಇದ್ಲಂತೆ’ ಎಂದೇ ಶುರು ಮಾಡಬೇಕು. ಆ ಒಬ್ಬಾಕಿ ಯಾರೆಂದು ಯಾರೂ ಕೇಳುವಂತಿಲ್ಲ. ಹೇಳುತ್ತಿರುವವಳೇ ಎಂದು ಎಲ್ಲರೂ ಒಳಗೊಳಗೇ ತಿಳಿದುಕೊಳ್ಳುತ್ತಿದ್ದರು. ಗಂಡನ ಹೊಡೆತ, ಅತ್ತೆಯ ಬೈಗುಳ ಎಲ್ಲವೂ ಹಾಗೇ ಆಚೆ ಬರುತ್ತಿದ್ದವು.

ಲಕ್ಷ್ಮೀಕಾಂತ್ ಕಾಲೇಜಿನ ರಜೆಯಲ್ಲಿ ತಾಯಿಯ ಜೊತೆ ಬಂದು ಅಲ್ಲಿ ಕೂರುತ್ತಿದ್ದ. ಕೇಳಿದ್ದನ್ನು ಮರೆಯಲಿಲ್ಲ. ಅವನ ಇಡೀ ಆತ್ಮಕಥೆಯಲ್ಲಿ ಒಂದು ಕಡೆಯೂ ‘ನಾನು’ ಇಲ್ಲವಂತೆ. ತನ್ನ ಬದುಕನ್ನೇ ‘ಒಬ್ಬಾತ ಇದ್ದ’ ಎಂದು ಬೇರೆಯವರದ್ದೆಂಬಂತೆ ಹೇಳಿಕೊಂಡು ಹೋಗಿದ್ದಾನೆ. ಭಾಷಣದವರು ಈ ಧಾಟಿಯನ್ನು ಹೊಗಳಿದ್ದೇ ಹೊಗಳಿದ್ದು. ಅವನು ಮೈಕಿನ ಮುಂದೆ ನಿಂತು, “ಇದನ್ನ ನನಗೆ ಕಲಿಸಿದಾಕಿ ನಮ್ಮ ರಂಗಕ್ಕ” ಎಂದ. ಅಷ್ಟಕ್ಕೇ ಬಿಟ್ಟನೇ? ಅವಳು ಅಂಗಳದಲ್ಲಿ ಹೇಳಿದ ಕಥೆಯೊಂದನ್ನು ಪುಸ್ತಕಕ್ಕೆ ಸೇರಿಸಿ, ಆ ಒಬ್ಬಾಕಿ ರಂಗಕ್ಕನೇ ಎಂದೂ ಬರೆದುಬಿಟ್ಟಿದ್ದಾನೆ.

ಆ ಒಬ್ಬಾಕಿ ನಾನು.

ಹೊಸದುರ್ಗದ ಕಡೆ ನನ್ನ ತವರು ಮತ್ತೋಡಿನಲ್ಲಿ ತಂಗಿಯ ಮದುವೆ ಇತ್ತು. ಅತ್ತೆ ಒಪ್ಪಲಿಲ್ಲ. “ಹೋಗಂಗಿದ್ರೆ ಕೂಸು ಬಿಟ್ಟು ಹೋಗು” ಎಂದಳು. ನಾನೇನು ಕಡಿಮೆ ಹಟದವಳೇ? ಮೊಲೆ ಕುಡಿಯುವ ಅನುಷಾಳನ್ನು ತೊಟ್ಟಿಲಲ್ಲಿ ಬಿಟ್ಟು, ದುರ್ಗಕ್ಕೆ ಹೋಗಿ ಹೊಸದುರ್ಗದ ಬಸ್ಸು ಹತ್ತಿದೆ. ಹೊಳಲ್ಕೆರೆ ಬರುವಷ್ಟರಲ್ಲಿ ಎದೆ ಬಿಗಿದು, ಹಾಲು ಸೋರಿ ಸೆರಗೆಲ್ಲ ತೊಯ್ದುಹೋಗಿತ್ತು. ಅಲ್ಲೇ ಇಳಿದು ಎದುರು ಬಂದ ಬಸ್ಸಿಗೆ ಹತ್ತಿ ವಾಪಸ್ ಬಂದೆ. ತಂಗಿಯ ಮದುವೆ ನೋಡಲೇ ಇಲ್ಲ.

ದಾರಿಯಲ್ಲಿ ಆದದ್ದನ್ನು ರಂಗಕ್ಕನೊಬ್ಬಳಿಗೇ ಅತ್ತು ಹೇಳಿದ್ದೆ. ಈ ಮನೆಯ ಸೊಸೆ ಹಾಲುಗೂಸು ಬಿಟ್ಟು ಬಸ್ಸು ಹತ್ತಿದ್ದಳಂತೆ ಎಂದು ಓಣಿಯಲ್ಲಿ ಗುಸುಗುಸು ಎದ್ದಿತು, ಯಾವ ಸೊಸೆ ಎಂದು ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲೇ ರಂಗಕ್ಕ ‘ಒಬ್ಬಾಕಿ ಇದ್ಲಂತೆ’ ಎಂದು ಶುರು ಮಾಡಿದಳು. ತಾಯಿ ಓಡಿ ಬಂದಾಗ ಅತ್ತೂ ಅತ್ತೂ ಸೊರಗಿದ್ದ ಕೂಸು ಗಬಕ್ಕನೆ ಎದೆ ಹಿಡಿಯಿತು ಎಂದು ಮುಗಿಸಿದಳು. ಎಲ್ಲರೂ ಕಣ್ಣೊರೆಸಿಕೊಂಡು, ಅದು ರಂಗಕ್ಕನದೇ ಬದುಕು ಎಂದುಕೊಂಡು ಎದ್ದುಹೋದರು.

“ನಿನ್ನ ಮಾನ ಉಳೀಲಿ ಅಂತ ನನ್ನ ಮೇಲೆ ಹಾಕ್ಕಂಡೆ ಕಣೇ ಕಾಟಮ್ಮ” ಎಂದು ಆಮೇಲೆ ನನಗೆ ಹೇಳಿದಳು. ಇದ್ದರೂ ಇರಬಹುದು. ಆದರೆ ಜನ ಅಳುವಾಗ ಅವಳ ಮುಖದಲ್ಲಿದ್ದ ಕಳೆಯನ್ನು ನಾನು ನೋಡಿದ್ದೇನೆ. ನನ್ನ ಹೊಟ್ಟೆಯ ಸಂಕಟವನ್ನು ಅವಳು ಉಂಡು ತೇಗಿದಂತಿತ್ತು.

ಇಷ್ಟು ವರ್ಷ ಸಹಿಸಿದೆ. ಶಾಲನ್ನೂ ಸಹಿಸುತ್ತಿದ್ದೆನೋ ಏನೋ. ಆದರೆ ಹಿರಿಯೂರಿನಲ್ಲಿ ಟೀಚರ್ ಆಗಿರುವ ನನ್ನ ಮಗಳು ಅನುಷಾ ಪುಸ್ತಕ ಓದಿ ಭಾನುವಾರ ಬಂದಳು. ಬಂದವಳೇ ನನ್ನನ್ನು ದಾಟಿಕೊಂಡು ಹೋಗಿ ರಂಗಕ್ಕನ ಪಕ್ಕ ಕೂತಳು. ಅವಳ ಕೈ ಹಿಡಿದುಕೊಂಡು, “ದೊಡ್ಡಮ್ಮ, ಎಷ್ಟು ಅನುಭವಿಸಿದೀಯ ನೀನು. ಅರ್ಧ ದಾರಿಯಿಂದ ಕೂಸಿಗೋಸ್ಕರ ವಾಪಸ್ ಬಂದ್ಯಲ್ಲ, ನಿನ್ನಂಥ ತಾಯಿ ಸಿಗಾಕೆ ಪುಣ್ಯ ಮಾಡಿರ್ಬೇಕು” ಎಂದಳು.

ಶಾಲು ಇಟ್ಟುಕೊಳ್ಳಲಿ, ಹೆಸರು ಇಟ್ಟುಕೊಳ್ಳಲಿ. ಮಗಳನ್ನೂ ಕೊಡಬೇಕೇ?

“ಲೇ ಅನು, ಅದು ನಿನ್ನ ದೊಡ್ಡಮ್ಮಂದಲ್ಲ, ನಂದು” ಎಂದೆ. “ಬಸ್ಸು ಹತ್ತಿದಾಕಿ ನಾನು. ತೊಟ್ಟಿಲಲ್ಲಿದ್ದಾಕಿ ನೀನು.”

“ಸುಮ್ನಿರೇ ಕಾಟಮ್ಮ, ಯಾಕೀಗ ಅದೆಲ್ಲ” ಎಂದಳು ರಂಗಕ್ಕ.

“ನೀನು ಸುಮ್ನಿರು. ಇಷ್ಟು ದಿನ ನೀನು ಹೇಳಿದ್ದಾಯ್ತು.”

ಅನುಷಾ ಇಬ್ಬರ ಮುಖವನ್ನೂ ನೋಡಿದಳು. ದೊಡ್ಡಮ್ಮನ ಕೈ ಬಿಟ್ಟು ಎದ್ದು ಬಂದು ನನ್ನೆದುರು ನೆಲದ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

“ನೀನು ಬಂದಾಗ ನಾನು ತುಂಬ ಅಳ್ತಿದ್ನಾ ಅಮ್ಮ? ಬಂದ ಕೂಡ್ಲೇ ಕುಡಿದ್ನಾ?” ಎಂದು ಕೇಳಿದಳು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಪುಸ್ತಕದಲ್ಲೂ ಹಾಗೇ ಇದೆ. ರಂಗಕ್ಕ ಕೂಡ, ಹೌದು ಅನ್ನು ಎಂಬಂತೆ ನನ್ನ ಕಡೆ ನೋಡುತ್ತಿದ್ದಳು. ಅವಳು ಕಟ್ಟಿಕೊಟ್ಟ ಕೊನೆಯನ್ನು ಅವಳ ಮುಂದೆಯೇ ತೆಗೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

“ಇಲ್ಲ” ಎಂದೆ. “ಎದೆಗೆ ಹಾಕ್ಕಂಡ್ರೆ ಮುಖ ತಿರುವ್ಕಂಡು ಮಲಗಿಬಿಟ್ಟೆ. ಆಗ ಹನುಮೇಶನೂ ಕೂಸು. ನಿನ್ನ ದೊಡ್ಡಮ್ಮ ಅವನ ಜತೆಗೆ ನಿಂಗೂ ಕುಡಿಸಿದ್ಲು. ನಾನು ಬರೋ ಹೊತ್ತಿಗೆ ನಿನ್ನ ಹೊಟ್ಟೆ ತುಂಬಿತ್ತು.”