ಮನುಷ್ಯರ ಕೊಂಬೆಗೆ ಬಂದ ಕಾಡುಪಾಪ

ಅತ್ತಿಬೆಲೆಯ ಹತ್ತಿರ ಬಸ್ಸೊಂದರಲ್ಲಿ, ಬಟ್ಟೆಚೀಲದೊಳಗೆ ದೊಡ್ಡ ಕಣ್ಣಿನ ಪುಟ್ಟ ಕಾಡುಪಾಪ ಅರಣ್ಯ ಸಿಬ್ಬಂದಿಗೆ ಸಿಕ್ಕಿತ್ತು. ಮಾಟಕ್ಕೆಂದು ಯಾರೋ ಸಾಗಿಸುತ್ತಿದ್ದರು. ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಡಿಎನ್‌ಎ ಲ್ಯಾಬಿನಲ್ಲಿದ್ದೆ. ಆ ಪ್ರಾಣಿಗೆ ಚಿಕಿತ್ಸೆ ಮಾಡುತ್ತಿದ್ದ ಪಶುವೈದ್ಯೆ ಒಂದು ಹನಿ ರಕ್ತವನ್ನೂ ಬುಡಸಮೇತ ಕಿತ್ತ ಕೆಲವು ಕೂದಲನ್ನೂ, ಅದು ಯಾವ ಕಾಡಿನದೆಂದು ತಿಳಿಯಲು, ನಮಗೆ ಕಳಿಸಿದರು.

ಪಶ್ಚಿಮದ ಮಳೆಕಾಡಿನ ಕಾಡುಪಾಪವೇ ಬೇರೆ, ನಮ್ಮ ಕಡೆಯ ಕುರುಚಲು ಕಾಡಿನದ್ದೇ ಬೇರೆ. ತಪ್ಪು ಕಾಡಿಗೆ ಬಿಟ್ಟರೆ ಉಳಿಯುವುದು ಕಷ್ಟ. ಮೈಬಣ್ಣ ನೋಡಿ ಹೇಳೋಣವೆಂದರೆ, ಹಿಡಿದವರು ಮೈತುಂಬ ಕುಂಕುಮ ಬಳಿದಿದ್ದರು.

“ಬೇಗ ಹೇಳಿ ಮೇಡಂ,” ಎಂದು ವೈದ್ಯೆ ಫೋನಿನಲ್ಲಿ ಅವಸರಿಸಿದರು. “ಏನೂ ತಿಂತಿಲ್ಲ. ಬೋನಿನ ಮೂಲೇಲಿ ಮುದುರ್ಕೊಂಡು ಕೂತ್ಬಿಟ್ಟಿದೆ. ಇಲ್ಲೇ ಇಟ್ಕೊಂಡ್ರೆ ಉಳಿಯಲ್ಲ.”

ಅದರ ಒಂದು ಜೀನಿನ ಎ, ಟಿ, ಜಿ, ಸಿ ಎಂಬ ಅಕ್ಷರಗಳನ್ನು ಓದಿ, ಮನುಷ್ಯ, ಚಿಂಪಾಂಜಿ, ಕೋತಿ, ಮುಸುವ, ಎರಡೂ ಕಾಡಿನ ಕಾಡುಪಾಪಗಳ ಅದೇ ಜೀನಿನ ಪಕ್ಕದಲ್ಲಿಟ್ಟು ಹೋಲಿಸಬೇಕಿತ್ತು. ವ್ಯತ್ಯಾಸ ಕಡಿಮೆಯಾದಷ್ಟೂ ನೆಂಟಸ್ತಿಕೆ ಹತ್ತಿರ. ಕಂಪ್ಯೂಟರ್ ಅದನ್ನೆಲ್ಲ ಒಂದು ಮರದಂತೆ ಬರೆದು ತೋರಿಸುತ್ತದೆ. ಮನುಷ್ಯ, ಚಿಂಪಾಂಜಿ ಅಕ್ಕಪಕ್ಕದ ರೆಂಬೆಗಳು. ಕಾಡುಪಾಪದ್ದು ಬಹಳ ಹಿಂದೆಯೇ ಕವಲೊಡೆದ ದೂರದ ಕೊಂಬೆ.

ರಕ್ತದ ಫಲಿತಾಂಶ ಬಂದಾಗ ಪರದೆಯ ಮೇಲೆ ನಮ್ಮ ಕಾಡುಪಾಪ ಮನುಷ್ಯರ ರೆಂಬೆಯಲ್ಲಿ ಕೂತಿತ್ತು. ಕೂಗಿ ಕರೆದೆ. ಲ್ಯಾಬಿನ ಮುಖ್ಯಸ್ಥರು ಬಂದು ನೋಡಿದರು.

“ಮನುಷ್ಯರ ಡಿಎನ್‌ಎ ಸೇರ್ಕೊಂಡಿದೆ. ಹಿಡಿದೋರದ್ದೋ, ನಮ್ಮದೋ. ರಕ್ತ ಉಳಿದಿದೆಯಾ?”

“ಇಲ್ಲ ಸರ್. ಎಲ್ಲಾ ಖರ್ಚಾಯ್ತು.”

ವೈದ್ಯೆಗೆ ಫೋನ್ ಮಾಡಿ ಇನ್ನೊಂದು ಹನಿ ಕೇಳಿದೆ. “ಆಗಲ್ಲ ಮೇಡಂ,” ಎಂದರು. “ಇನ್ನೊಂದ್ಸಲ ಸೂಜಿ ಚುಚ್ಚಿದ್ರೆ ಸತ್ತೇ ಹೋಗತ್ತೆ.”

ಉಳಿದದ್ದು ಕೂದಲು ಮಾತ್ರ. ಅದನ್ನೂ ಯಾರ್ಯಾರ ಕೈಯೋ ಮುಟ್ಟಿತ್ತು. ಮೇಜು, ಸಲಕರಣೆ ಎಲ್ಲ ಹೊಸದಾಗಿ ಶುಚಿಮಾಡಿ, ಹೊಸ ಕೈಗವಸು ತೊಟ್ಟು ಕೂದಲನ್ನು ಮತ್ತೆ ಮತ್ತೆ ತೊಳೆದೆ. ಮಾಸ್ಕಿನ ಒಳಗೂ ಉಸಿರು ಬಿಡಲು ಹೆದರಿಕೆ. ಜೊತೆಗೆ ಏನೂ ಹಾಕದ ಒಂದು ಖಾಲಿ ಟ್ಯೂಬನ್ನೂ ಅದೇ ಹಂತಗಳಲ್ಲಿ ದಾಟಿಸಿದೆ. ಅದರಲ್ಲೇನಾದರೂ ಡಿಎನ್‌ಎ ಕಾಣಿಸಿದರೆ ನಮ್ಮ ಕೆಲಸ ಮತ್ತೆ ಮಲಿನವಾಗಿದೆ ಎಂದರ್ಥ. ಆಮೇಲೆ ಪರೀಕ್ಷಿಸಲು ಏನೂ ಇರುತ್ತಿರಲಿಲ್ಲ.

ಖಾಲಿ ಟ್ಯೂಬು ಖಾಲಿಯಾಗಿಯೇ ಉಳಿಯಿತು. ಕೂದಲಿನ ಅಕ್ಷರಗಳು ಬಂದವು. ಮರ ಮೂಡುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಕಾಡುಪಾಪ ತನ್ನವರ ಕೊಂಬೆಯಲ್ಲಿತ್ತು, ಕುರುಚಲು ಕಾಡಿನವರ ಮಗ್ಗುಲಲ್ಲಿ.

“ಗ್ಯಾರಂಟಿನಾ ಮೇಡಂ?” ವೈದ್ಯೆ ಕೇಳಿದರು.

“ಇದ್ದದ್ದರಲ್ಲಿ ಇದೇ ಗ್ಯಾರಂಟಿ. ಕುರುಚಲು ಕಾಡಿಗೇ ಬಿಟ್ಬಿಡಿ.”

ಹೇಳಿಬಿಟ್ಟೆನಾದರೂ ಸಮಾಧಾನವಿರಲಿಲ್ಲ. ಬಿಡುವ ಸಂಜೆ ಅವರೊಂದಿಗೆ ಕಾಡಿಗೆ ಹೋದೆ. ಅರಣ್ಯ ಸಿಬ್ಬಂದಿ ಪೆಟ್ಟಿಗೆಯ ಬಾಗಿಲು ತೆಗೆದರೂ ಅದು ಹೊರಗೆ ಬರಲಿಲ್ಲ. ವೈದ್ಯೆ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ತುಂಬ ಹೊತ್ತಾದ ಮೇಲೆ ಒಂದು ಕೈ ಹೊರಬಂತು. ಎಳೆ ಬೆರಳು, ಬೆರಳ ತುದಿಗೆ ಉಗುರು. ಆ ಪ್ರಾಣಿಯನ್ನು ನಾನು ಅಲ್ಲಿಯವರೆಗೆ ಅಕ್ಷರಗಳಲ್ಲಿ ಮಾತ್ರ ಕಂಡಿದ್ದೆ. ಮನುಷ್ಯರ ರೆಂಬೆಯಿಂದ ಅಷ್ಟು ದೂರದ ಪ್ರಾಣಿಗೂ ನಮ್ಮಂಥದೇ ಕೈ ಇದೆಯೆಂದು ನನಗೆ ಹೊಳೆದಿರಲೇ ಇಲ್ಲ.

ಆ ಕೈ ಜಾಲಿ ಮರದ ಟೊಂಗೆಯೊಂದನ್ನು ಹಿಡಿಯಿತು. ಮೆಲ್ಲಮೆಲ್ಲಗೆ ಹತ್ತಿ ಮುಳ್ಳುಗಳ ನಡುವೆ ಮರೆಯಾಯಿತು. ಆಮೇಲೆ ಅದು ಬದುಕಿತೋ ಇಲ್ಲವೋ, ನಮಗೆ ತಿಳಿಯಲಿಲ್ಲ.