ಬಿಸಿ ಮುದ್ದೆ

ನಮ್ಮ ಮನೆಯಲ್ಲಿ ಅವ್ವ ಬೈಬಲಿನ ವಾಕ್ಯ ಓದದೆ ಯಾರೂ ಮುದ್ದೆ ಮುರಿಯುವಂತಿರಲಿಲ್ಲ. ಅದು ಅಪ್ಪ ಮಾಡಿದ ಕಾನೂನು. ಅವ್ವ ಮಂಡ್ಯ ಸೀಮೆಯ ಕೊಪ್ಪದ ಕಡೆ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಾ ಬೆಳೆದವಳು, ಶಾಲೆಯ ಮುಖ ನೋಡಿದವಳಲ್ಲ. ಮದುವೆಯಾಗಿ ಮದ್ದೂರಿಗೆ ಬಂದ ಮೇಲೆ, ಬಸ್ ಕಂಡಕ್ಟರಾಗಿದ್ದ ಅಪ್ಪ ಸತ್ಯವೇದವನ್ನೇ ಪಠ್ಯಪುಸ್ತಕ ಮಾಡಿಕೊಂಡು ಅವಳಿಗೆ ಅಕ್ಷರ ಕಲಿಸಿದ. ಆಮೇಲೆ ಊಟಕ್ಕೆ ಮುಂಚೆ ವಾಕ್ಯ ಓದುವ ಕೆಲಸವನ್ನೂ ಅವಳಿಗೇ ಕಟ್ಟಿದ.

ಮಕ್ಕಳಾದ ನಾವು ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದೆವು. ಒತ್ತಕ್ಷರ ಬಂದಲ್ಲೆಲ್ಲ ಅವ್ವ ಎಡವುತ್ತಿದ್ದಳು. ಉಪ್ಸಾರು ಆರುತ್ತಿತ್ತು.

“ಮಕ್ಳು ಅಸ್ಕೊಂಡವೆ, ಇವತ್ತೊಂದಿನ ನೀವೇ ಓದ್ಬುಡಿ.”

“ಎಲ್ಡು ಸಾಲು ಕಣಮ್ಮಿ. ಓದು, ನಾವೆಲ್ಲೂ ಓಗಕಿಲ್ಲ.”

ಸಾಲು ಮುಗಿದದ್ದೇ ತಡ, ನಾವು ಬೀದಿಗೆಲ್ಲ ಕೇಳುವಂತೆ ಆಮೆನ್ ಎಂದು ಕಿರುಚುತ್ತಿದ್ದೆವು. ಪಕ್ಕದ ಮನೆಯ ಗೌಡತಿ ಗೋಡೆಯಾಚೆಯಿಂದ, “ನಿಮ್ಮವ್ವುಂದು ಪಾಟ ಆಯ್ತಾ? ಉಣ್ರಪ್ಪ ಇನ್ನ!” ಎಂದು ನಗುತ್ತಿದ್ದಳು. ಅವ್ವನ ಮುಖ ನಾಚಿಕೆಯಿಂದಲೂ ಜಂಬದಿಂದಲೂ ಕೆಂಪಾಗುತ್ತಿತ್ತು. ಅಷ್ಟು ಸಂತೋಷವನ್ನು ನಾನು ಆಮೇಲೆ ಯಾವ ಮನೆಯಲ್ಲೂ ಕಂಡಿಲ್ಲ.

ಹೋದ ವರ್ಷ ಅವ್ವನಿಗೆ ಲಕ್ವ ಹೊಡೆಯಿತು. ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೈಕಾಲು ಮೆಲ್ಲಗೆ ಸರಿಹೋದವು. ಮಾತು ಬರಲಿಲ್ಲ, ಅಕ್ಷರವಂತೂ ಅಳಿಸಿಯೇ ಹೋಯಿತು. ನಾನು ಮಳವಳ್ಳಿಯ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಮಾಡುವವಳು. ಊರ ಮಕ್ಕಳಿಗೆಲ್ಲ ಅಆಇಈ ಕಲಿಸಿ ಸಂಜೆ ಬಸ್ಸಿಳಿದು ಬಂದು, ಹೆತ್ತವಳಿಗೆ ಒಂದು ‘ಅ’ ಕಲಿಸಲಾರದೆ ಸೋತೆ. ಚರ್ಚಿನವರು “ಪ್ರಾರ್ಥನೆ ಮಾಡ್ತಾ ಇದೀವಿ” ಎಂದಾಗ ಹಲ್ಲು ಕಚ್ಚಿಕೊಳ್ಳುತ್ತೇನೆ. ದೇವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಟ್ಟು ಏನಾಗಬೇಕು?

ಆದರೆ ಅಪ್ಪ ಕಾನೂನು ಸಡಿಲಿಸಲಿಲ್ಲ. ದಿನವೂ ಅವ್ವನ ಮುಂದೆ ಪುಸ್ತಕ ಬಿಚ್ಚಿಟ್ಟು, ಅವಳಿಗೆ ಕನ್ನಡಕ ಹಾಕಿ, ಬೆರಳನ್ನು ಸಾಲಿನ ಮೇಲಿಟ್ಟು ಕಾಯುತ್ತಿದ್ದ. ಸಕ್ಕರೆ ಕಾಯಿಲೆಯವನು. ಮಾತ್ರೆ ನುಂಗಿ ಉಣ್ಣದೆ ಹಾಗೆ ಕೂತರೆ ಕೈ ನಡುಗುತ್ತಿತ್ತು, ಹಣೆ ಬೆವರುತ್ತಿತ್ತು. ಒಮ್ಮೆ ಕೂತಲ್ಲೇ ವಾಲಿಬಿಟ್ಟ.

“ನಾನೇ ಓದ್ಬುಡ್ತೀನಿ, ಉಣ್ಣು ಕಣಪ್ಪ. ಸಾಯ್ಬೇಕು ಅಂತಿದ್ದೀಯಾ?”

“ಅದು ಅವ್ಳ ಕೆಲ್ಸ ಕಣವ್ವ. ಓದ್ತಾಳೆ ಬುಡು.”

ಅವ್ವ ತೂಕಡಿಸತೊಡಗಿದ ಮೇಲೆ ಅವನು ಒಬ್ಬನೇ ತಣ್ಣಗಿನ ಮುದ್ದೆ ನುಂಗುತ್ತಿದ್ದ. ಇಂಥ ಹಟಮಾರಿಯನ್ನು ನಾನು ಬೇರೆಲ್ಲೂ ಕಾಣೆ.

ಮೊನ್ನೆ ಸಂಜೆ ನಾನು ಬಡಿಸುತ್ತಿರುವಾಗಲೇ ಅವ್ವ ತಾನಾಗಿ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ಅಪ್ಪ ಅವಳಿಗೆ ಕನ್ನಡಕ ಹಾಕಿ ನೆಟ್ಟಗೆ ಕೂತ. “ನೋಡ್ದಾ?” ಎಂದು ನನ್ನ ಕಡೆ ತಿರುಗಿದ. ಆ ಮುಖದಲ್ಲಿದ್ದ ಆಸೆ ನೋಡಿ ನಾನೂ ಬಡಿಸುವುದು ಬಿಟ್ಟು ಅವ್ವನ ಪಕ್ಕ ಕೂತೆ. ಅವ್ವ ತಟ್ಟೆಯಿಂದ ಒಂದು ತುತ್ತು ಮುರಿದಳು. ಬಿಚ್ಚಿದ ಪುಟದ ಮೇಲೆ, ಸಾರಿನಲ್ಲಿ ಅದ್ದುವ ಹಾಗೆ, ಎರಡು ಸಲ ಹೊರಳಿಸಿದಳು. ಆಮೇಲೆ ಬಾಯಿಗಿಟ್ಟುಕೊಂಡಳು.

ಅಪ್ಪ ಹೆಗಲ ಟವೆಲಿನಿಂದ ಪುಟ ಒರೆಸಿದ. ಅವಳ ಕನ್ನಡಕ ತೆಗೆದ. ಪುಸ್ತಕ ಮುಚ್ಚಿ, ಎದ್ದು ಗೂಡಿನಲ್ಲಿಟ್ಟು ಬಂದ. ವಾಕ್ಯವಿಲ್ಲ, ಪ್ರಾರ್ಥನೆಯಿಲ್ಲ, ಸುಮ್ಮನೆ ತಟ್ಟೆ ಎಳೆದುಕೊಂಡು ಮುದ್ದೆ ಮುರಿದ. ಅದರಿಂದ ಇನ್ನೂ ಹಬೆ ಏಳುತ್ತಿತ್ತು.

ಉಣ್ಣು ಉಣ್ಣು ಎಂದು ವರ್ಷವಿಡೀ ಬೈದವಳು ನಾನು. ಅವನು ಉಣ್ಣುವುದನ್ನು ನೋಡಲಾರದೆ ಎದ್ದು ಅಡುಗೆಮನೆಗೆ ಹೋದೆ.